ಸೊಪ್ಪಿನ ಬೆಟ್ಟವೂ ಮುಂಬಯಿಯ ನಲ್ಲಿಯೂ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷೆ, ಸಾಹಿತ್ಯಗಳನ್ನು ಬಿಟ್ಟು ಕಾಡು, ಕೆರೆಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ 1956ರ ನವೆಂಬರ್ 1ರ ತನಕ ಉತ್ತರ ಕನ್ನಡ ಜಿಲ್ಲೆಯೂ ಈ ಮುಂಬಯಿಯೂ ಒಂದೇ ಸರಕಾರದ ಆಳ್ವಿಕೆಯಲ್ಲಿದ್ದವು. 1862ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಬಂದ ಆ ಜಿಲ್ಲೆಯ ಕಾಡಿನ ಕಟ್ಟಳೆಗಳು ಈ ಊರಿನ ಕಚೇರಿಗಳಿಂದಲೇ ಹೊರಡುತ್ತಿದ್ದವು. ಒಂದೇ ಕಾಡಿನಿಂದ ಹಲವರು ಹಲವು ಬಗೆಯ ಲಾಭವನ್ನು ಬಯಸಿದಾಗ ಯಾರಿಗೆ ಎಷ್ಟು ಎಂಬ ವ್ಯಾಜ್ಯವನ್ನು ನಾವು ಊರಿನಲ್ಲಿಯೂ ಕಂಡಿದ್ದೇವೆ, ಇಲ್ಲಿಯೂ ಕಾಣುತ್ತಿದ್ದೇವೆ.

ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಸೊಪ್ಪಿನ ಬೆಟ್ಟವೆಂದರೇನೆಂದು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಬಂಧುಗಳಿಗಾಗಿ ನಾಲ್ಕು ಮಾತು. ಅಡಿಕೆ ತೋಟವಿರುವುದು ಕಣಿವೆಯ ತಳದಲ್ಲಿ. ಅದರ ಸುತ್ತಲಿನ ಗುಡ್ಡದ ಕಾಡಿನಿಂದ ಹಸಿ ಸೊಪ್ಪು, ಒಣ ದರಕು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುತ್ತಾರೆ. ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಘಟ್ಟದ ಮೇಲೆ ಒಂದೆಕರೆ ತೋಟಕ್ಕೆ ಒಂಬತ್ತೆಕರೆಯವರೆಗೆ ಬೆಟ್ಟವನ್ನು ಸರಕಾರ ಬಿಟ್ಟುಕೊಟ್ಟಿತು. ಭೂಮಿ ಸರಕಾರದ್ದು, ಸೊಪ್ಪಿನ ಸೌಲಭ್ಯ ತೋಟಿಗನದು.

ಈ ಏರ್ಪಾಡಿನೊಳಗೆ ಒಂದು ತೊಡಕು ಅಡಗಿದೆ. ತೋಟಕ್ಕೆ ಸೊಪ್ಪು ಕೊಡುವ ಗುಡ್ಡವೇ ನೀರನ್ನೂ ಕೊಡಬೇಕು. ಅಬ್ಬಿಯ ನೀರು ದಬ್ಬೆಯಲ್ಲಿ ಹರಿದು ಮನೆಯ ಹಿತ್ತಿಲಿಗೆ ಬರುವುದು ಆ ಗುಡ್ಡದಿಂದಲೇ. ಮರದ ತುದಿಯನ್ನು ಉಳಿಸಿ, ಒಂದು ವರ್ಷ ಕಡಿದ ಮರವನ್ನು ಮರುವರ್ಷ ಬಿಟ್ಟು ನಡೆದವರ ಬೆಟ್ಟದಲ್ಲಿ ಎರಡೂ ದಕ್ಕಿದವು. ಆಸೆಬುರುಕನ ಬೆಟ್ಟ ಬೋಳಾಯಿತು. ಮಳೆ ಮಣ್ಣನ್ನು ತೊಳೆದು ಕೆಂಪು ಜಂಬಿಟ್ಟಿಗೆಯನ್ನು ಹೊರಗೆಡವಿತು, ಶಿವರಾತ್ರಿಗೆ ಮೊದಲೇ ಅಬ್ಬಿ ಬತ್ತಿತು. ಮಾಡಿದ್ದುಣ್ಣೋ ಮಹರಾಯ ಎಂದು ಅವನಿಗೆ ಹೇಳಬಹುದಾಗಿತ್ತು, ಆದರೆ ಕೆಳಗಿನ ತೋಟದವನೂ ಅದನ್ನೇ ಉಣ್ಣಬೇಕಾಯಿತಲ್ಲ!

ತೋಟಿಗರನ್ನಷ್ಟೇ ದೂರಿದರೆ ನ್ಯಾಯವಾಗದು. ಅರಣ್ಯಖಾತೆ ಮಿಶ್ರ ಕಾಡನ್ನು ಸವರಿ ಸಾಗುವಾನಿಯ ತೋಪು ಬೆಳೆಸಿತು, ಪ್ಲೈವುಡ್ ಕಾರಖಾನೆಗಳಿಗೆ ಮರ ಕೊಟ್ಟಿತು. ಖಜಾನೆಗೆ ಹಣ ಬಂತು. ಹಳ್ಳಿಗೆ ಸೊಪ್ಪು, ಜೇನು, ನೀರು ತಪ್ಪಿದವು. 1983ರ ಸೆಪ್ಟೆಂಬರ್ 8ರಂದು ಸಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತುದು ಇದೇ ಕಾರಣಕ್ಕೆ. ಪಾಂಡುರಂಗ ಹೆಗಡೆಯವರು ಮುಂದೆ ನಿಂತು ನಡೆಸಿದ ಆ ‘ಅಪ್ಪಿಕೋ’ ಚಳವಳಿ ಆಮೇಲೆ ದೇಶಕ್ಕೆಲ್ಲ ಗೊತ್ತಾಯಿತು.

ಇನ್ನು ಮುಂಬಯಿಗೆ ಬರೋಣ. ಬೋರಿವಲಿ, ಮುಲುಂಡ, ಠಾಣೆಗಳಲ್ಲಿ ಮನೆ ಮಾಡಿರುವ ನಮ್ಮವರ ಕಿಟಕಿಗೆ ಕಾಣುವ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರಿನದು. ಇಷ್ಟು ಬೆಲೆಬಾಳುವ ನೆಲ ಕಟ್ಟಡಗಳಿಗೆ ತುತ್ತಾಗದೆ ಉಳಿದುದಕ್ಕೆ ಮುಖ್ಯ ಕಾರಣ ನೀರು. 1860ರಲ್ಲಿ ವಿಹಾರ, 1879ರಲ್ಲಿ ತುಳಸಿ ಕೆರೆ ಸಿದ್ಧವಾದಾಗ ಅವುಗಳಿಗೆ ನೀರು ಹರಿದುಬರುವ ಗುಡ್ಡಗಳನ್ನು ಕಾಯಬೇಕಾಯಿತು. ಅದೇ ಕಾಡಿನಲ್ಲಿ ವಾರ್ಲಿ ಜನರ ಪಾಡೆಗಳಿವೆ, ಚಿರತೆಗಳಿವೆ. ವಾರ್ಲಿಗಳು ವಾಘೋಬನನ್ನು ಪೂಜಿಸುತ್ತಾರೆ. ಪಿಲಿಚಾಮುಂಡಿಯನ್ನು ನಂಬುವ ನಮ್ಮ ತುಳುನಾಡಿನವರಿಗೆ ಇದು ಹೊಸತೆನಿಸದು. ಕಟ್ಟಡಗಳ ಹಿಂದೆ ನಾವು ಸುರಿಯುವ ಕಸಕ್ಕೆ ನಾಯಿಗಳು ಬರುತ್ತವೆ, ನಾಯಿಗಳಿಗಾಗಿ ಚಿರತೆ ಬರುತ್ತದೆ. ಚಿರತೆಯನ್ನು ಹಿಡಿದು ಬೇರೆಡೆ ಬಿಡಿರೆಂದು ಕೂಗುವ ಮೊದಲು ಕಸದ ತೊಟ್ಟಿಯತ್ತ ನೋಡುವುದು ಒಳ್ಳೆಯದು.

ಆದರೆ ಈ ಎರಡು ಕೆರೆಗಳಿಂದ ಇಂದು ನಗರಕ್ಕೆ ಸಿಗುವುದು ನೂರಕ್ಕೆ ಮೂರು ಪಾಲಿನಷ್ಟು ನೀರು ಮಾತ್ರ. ಉಳಿದುದು ಬರುವುದು ಬಹು ದೂರದ ಭಾತ್ಸಾ, ತಾನ್ಸಾ, ವೈತರಣಾ ಕಣಿವೆಗಳಿಂದ. ದಿನಂಪ್ರತಿ ಸುಮಾರು 385 ಕೋಟಿ ಲೀಟರು! ಆ ಅಣೆಕಟ್ಟುಗಳ ಸೀಮೆಯಾದ ಶಹಾಪುರ ತಾಲೂಕಿನ ಎಷ್ಟೋ ಪಾಡೆಗಳಿಗೆ ಬೇಸಗೆಯಲ್ಲಿ ಟ್ಯಾಂಕರೇ ಗತಿ. ಈ ಸಂಗತಿ ನಮಗೆ ನಾಚಿಕೆ ತರಬೇಕಾದದ್ದು.

ಇದೂ ಸಾಲದೆಂದು ಗಾರ್ಗಾಯಿ ನದಿಗೆ ಅಣೆಕಟ್ಟು ಹಾಕುವ ಯೋಜನೆಯಿದೆ. ದಿನಕ್ಕೆ 44 ಕೋಟಿ ಲೀಟರು ಸಿಗುತ್ತದಂತೆ. ಬದಲಿಗೆ ತಾನ್ಸಾ ಅಭಯಾರಣ್ಯದ ಕಾಡಿನಲ್ಲಿ ಲಕ್ಷಾಂತರ ಮರಗಳೂ ಆದಿವಾಸಿಗಳ ಹಳ್ಳಿಗಳೂ ಹೋಗಬೇಕು. ಸಮುದ್ರದ ನೀರನ್ನು ಸಿಹಿಗೊಳಿಸೋಣವೆಂದು ಒಮ್ಮೆ ಬದಿಗಿಟ್ಟ ಈ ಯೋಜನೆಯನ್ನು 2022ರ ತರುವಾಯ ಮತ್ತೆ ಕೈಗೆತ್ತಿಕೊಂಡರು. ನಗರದ ಕೊಳವೆಗಳಲ್ಲಿ ಸೋರಿಯೂ ಕಳವಾಗಿಯೂ ಹೋಗುವ ನೀರು ಕಾಲುಭಾಗಕ್ಕೂ ಮಿಕ್ಕಿದೆಯೆಂದು ಅಂದಾಜು. ಅಂದರೆ ಗಾರ್ಗಾಯಿಯ ಎರಡರಷ್ಟು ನೀರು ಈಗಾಗಲೇ ನಮ್ಮ ಕಾಲಡಿಯಲ್ಲಿ ಹರಿದುಹೋಗುತ್ತಿದೆ.

ಎಲ್ಲ ಅಣೆಕಟ್ಟುಗಳೂ ಬೇಡವೆಂದು ನಾವು ಹೇಳುವುದಿಲ್ಲ. ಅಣೆಕಟ್ಟಿನ ನೀರು ಕುಡಿದೇ ನಾವು ಇಲ್ಲಿ ಬಾಳುತ್ತಿದ್ದೇವೆ. ಕೊಳವೆಯನ್ನು ಮೊದಲು ದುರಸ್ತಿ ಮಾಡಲಿ, ಕಾಡನ್ನು ಮುಳುಗಿಸುವ ಮಾತು ಆಮೇಲೆ ಬರಲಿ. ಕೊಳವೆ ಹಾದುಬರುವ ಹಳ್ಳಿಗಳಿಗೆ ಅವರ ಪಾಲಿನ ನೀರನ್ನು ಮೊದಲು ಕೊಟ್ಟು, ಮಿಕ್ಕಿದ್ದನ್ನು ಇಲ್ಲಿಗೆ ತರಲಿ. ನಗರಸಭೆಯ ಸದಸ್ಯರು ಮತ ಕೇಳಲು ನಮ್ಮ ಚಾಳಿಗೆ, ಸೊಸಾಯಿಟಿಗೆ ಬಂದಾಗ ಗಟಾರ, ರಸ್ತೆಗಳ ಜತೆಗೆ ಈ ಎರಡು ಪ್ರಶ್ನೆಗಳನ್ನೂ ನಾವು ಕೇಳಬೇಕು.