ಅಲೆ ಬರುವ ತನಕ

ಸರ್ಫಿಂಗ್ ಎಂದರೆ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವ ಆಟ ಎಂಬುದು ಚಿತ್ರ ನೋಡಿದವರ ತಿಳಿವಳಿಕೆ. ನೀರಿಗಿಳಿದವರ ಲೆಕ್ಕ ಬೇರೆ. ಅಲೆಯ ಮೇಲಿನ ಸವಾರಿ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳುವುದು, ಅಲೆ ಒಡೆಯುವ ಜಾಗದ ಆಚೆ ಕೂತು ಕಾಯುವುದು, ಬಿದ್ದು ಮತ್ತೆ ಹಲಗೆ ಹತ್ತುವುದು. ಈ ಆಟದಿಂದ ಬದುಕಿಗೆ ಸಿಗುವ ಪಾಠವೇನಿದ್ದರೂ ಆ ಉಳಿದ ಹೊತ್ತಿನಲ್ಲೇ ಇದೆ. ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ‘ಅಲೆಯನ್ನು ಗೆಲ್ಲಿ’ ಎಂದು ಹುರಿದುಂಬಿಸುವವರಿಗೆ ಈ ಮಾತು ರುಚಿಸಲಾರದು. ಅಲೆಯನ್ನು ಗೆದ್ದ ಸರ್ಫರ್ ಇನ್ನೂ ಹುಟ್ಟಿಲ್ಲ.

ಹವಾಯಿ ದ್ವೀಪಗಳಲ್ಲಿ ಬೆಳೆದ ಈ ವಿದ್ಯೆಗೆ ಕರ್ನಾಟಕದಲ್ಲಿ ನೆಲೆ ಸಿಕ್ಕಿದ್ದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ, ಅಮೆರಿಕ ಮೂಲದ ಜಾಕ್ ಹೆಬ್ನರ್ ಅಲ್ಲಿ ಕಟ್ಟಿದ ಆಶ್ರಮ ಮತ್ತು ಮಂತ್ರ ಸರ್ಫ್ ಕ್ಲಬ್ ಊರಿನ ಹುಡುಗರ ಕೈಗೆ ಹಲಗೆ ಕೊಟ್ಟವು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. 2021ರಲ್ಲಿ ನಡೆದ ಟೋಕಿಯೊ ಕೂಟದಿಂದ ಸರ್ಫಿಂಗ್ ಒಲಿಂಪಿಕ್ಸ್ ಕ್ರೀಡೆಯೂ ಆಯಿತು. 2025ರಲ್ಲಿ ಮಾಮಲ್ಲಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ರಮೇಶ್ ಬುದಿಹಾಳ್ ಕಂಚಿನ ಪದಕ ಗೆದ್ದರು.

ಕಡಲು ಕಾಣದ ಒಳನಾಡಿನ ಊರು ಸಖರಾಯಪಟ್ಟಣಕ್ಕೂ ಸರ್ಫಿಂಗ್‌ಗೂ ಏನು ನಂಟು ಎಂದು ಕೇಳುವವರಿಗೆ ಊರ ಪಕ್ಕದ ಅಯ್ಯನಕೆರೆಯೇ ಉತ್ತರ. ರುಕ್ಮಾಂಗದ ರಾಯ ಕಟ್ಟಿಸಿದನೆಂಬ ಪ್ರತೀತಿಯ, 1156ರಲ್ಲಿ ಜೀರ್ಣೋದ್ಧಾರಗೊಂಡ ಈ ಕೆರೆ ತುಂಬಲು ಊರಿನಲ್ಲೇ ಮಳೆ ಬೀಳಬೇಕೆಂದಿಲ್ಲ. ಬಾಬಾಬುಡನ್‌ಗಿರಿಯಲ್ಲಿ ಮಳೆ ಹಿಡಿದರೆ ಹಳ್ಳ ಹರಿದು ಬರುತ್ತದೆ, ಕೆರೆ ಕೋಡಿ ಬೀಳುತ್ತದೆ. ಅಲೆಯ ಕಥೆಯೂ ಅದೇ. ಸಸಿಹಿತ್ಲುವಿನ ದಡಕ್ಕೆ ಬಂದು ಒಡೆಯುವ ಅಲೆಗೆ ಬಲ ತುಂಬಿದ ಗಾಳಿ ಎಷ್ಟೋ ಸಲ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣದ ಸಾಗರದಲ್ಲಿ ಬೀಸಿರುತ್ತದೆ. ಅಲ್ಲಿಂದ ಇಲ್ಲಿಗೆ ಬರುವುದು ಮುಖ್ಯವಾಗಿ ಶಕ್ತಿಯೇ ಹೊರತು ನೀರಲ್ಲ. ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಆಳ ಇಳಿದಲ್ಲಿ ಅಲೆ ಮಗುಚುತ್ತದೆ. ಇಷ್ಟರಲ್ಲಿ ಯಾವುದೂ ಸರ್ಫರ್‌ನ ಕೈಯಲ್ಲಿಲ್ಲ. ಎಲ್ಲಿ ಕೂರಬೇಕು, ಯಾವಾಗ ಕೈ ಬೀಸಬೇಕು ಎಂಬುದಷ್ಟೇ ಅವರ ಪಾಲಿನದು.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ನಡುವೆ ಕಡಲು ತಣ್ಣಗಿರುತ್ತದೆ. ಮೊದಲು ಬಂದದ್ದಕ್ಕೇ ಮುಗಿಬಿದ್ದವರು ಅದು ಕೈಕೊಟ್ಟಾಗ ಹಿಂದೆ ಬರುವ ಒಳ್ಳೆಯ ಅಲೆಗಳಿಗೆ ಸಿಕ್ಕಿ ನೊರೆಯಲ್ಲಿ ಹೊರಳುತ್ತಾರೆ. ಸ್ಪರ್ಧೆಯ ನಿಯಮವೂ ಇದನ್ನೇ ಎತ್ತಿಹಿಡಿಯುತ್ತದೆ: ಪ್ರತಿ ಸವಾರಿಗೆ 10ಕ್ಕೆ ಅಂಕ, ಅತ್ಯುತ್ತಮ ಎರಡನ್ನು ಕೂಡಿಸಿ 20ಕ್ಕೆ ಮೊತ್ತ. ಉಳಿದವು ಲೆಕ್ಕಕ್ಕಿಲ್ಲ. ಪ್ರತಿ ಕಿರುಪರೀಕ್ಷೆಯ ಅಂಕಕ್ಕೂ ಮಕ್ಕಳ ಮುಖ ಬಾಡಿಸುವ ಪದ್ಧತಿಗಿಂತ ಇದು ಮೇಲು. ಇನ್ನೊಂದು ಕಟ್ಟುಪಾಡಿದೆ. ಅಲೆ ಒಡೆಯುವ ತುದಿಗೆ ಹತ್ತಿರ ಇರುವವರದು ಆ ಅಲೆ; ನಡುವೆ ನುಗ್ಗುವುದು ಆಟದಲ್ಲಿ ದೊಡ್ಡ ತಪ್ಪು. ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಗೆ ಕಡಲಿನಲ್ಲಿ ಮರ್ಯಾದೆ ಇಲ್ಲ.

ಬೀಳುವುದನ್ನೂ ಕಲಿಯಬೇಕಾಗುತ್ತದೆ. ಕೆಳಗಿನ ಮರಳು ಅಂದುಕೊಂಡದ್ದಕ್ಕಿಂತ ಹತ್ತಿರವಿರುವುದರಿಂದ ತಲೆ ಮುಂದಾಗಿ ಧುಮುಕುವಂತಿಲ್ಲ. ಮೈ ಹರಡಿಕೊಂಡು ಬೀಳಬೇಕು. ಹಿಂಗಾಲಿನ ಕಣಕಾಲಿಗೆ ಹಲಗೆಯ ಹುರಿ ಕಟ್ಟಿರುತ್ತದೆ. ಎಳೆತಕ್ಕೆ ಹಿಗ್ಗಿದ ಆ ಹುರಿ ಹಲಗೆಯನ್ನು ವಾಪಸ್ ಚಿಮ್ಮಿಸುವುದರಿಂದ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡೇ ಮೇಲೆ ಬರಬೇಕು. ನುರಿತವರೂ ಬೀಳುತ್ತಾರೆ, ಬಿದ್ದಾಗ ಉಸಿರು, ತಲೆ ಎರಡನ್ನೂ ಕಾಪಾಡಿಕೊಳ್ಳುತ್ತಾರೆ.

ದಡದಿಂದ ಕಡಲಿನತ್ತ ಎಳೆದೊಯ್ಯುವ ಸೆಳವಿನದು ಬೇರೆಯದೇ ಪಾಠ. ಅದಕ್ಕೆ ಎದುರಾಗಿ ದಡದ ಕಡೆ ಈಜಲು ಹೋದವರು ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿದರೆ ಸೆಳವಿನಿಂದ ಹೊರಬರಬಹುದು. ಪಳಗಿದ ಸರ್ಫರ್‌ಗಳು ಅದೇ ಸೆಳವನ್ನು ಹಿಡಿದು ಹೆಚ್ಚು ಶ್ರಮವಿಲ್ಲದೆ ಅಲೆಗಳ ಆಚೆ ಸೇರುತ್ತಾರೆ. ಇದನ್ನು ಶರಣಾಗತಿ ಎಂದು ತಿಳಿಯಬಾರದು. ಇರುವ ಬಲವನ್ನು ಎಲ್ಲಿ ಖರ್ಚು ಮಾಡಬೇಕೆಂಬ ವಿವೇಕ ಅದು.

ಸಖರಾಯಪಟ್ಟಣದ ಮಕ್ಕಳು ಅವಕಾಶ ಸಿಕ್ಕಾಗ ಸರ್ಫಿಂಗ್ ಹಲಗೆಗಳನ್ನು ಮುಟ್ಟಿ, ಎತ್ತಿ, ಮೇಲೆ ನಿಂತು ನೋಡಲಿ. ಹಾಗೆಂದು ಅಯ್ಯನಕೆರೆಯಲ್ಲಿ ಕಡಲಿನ ಅಲೆ ಹುಡುಕುವುದು ಬೇಡ; ಕೆರೆಯ ಆಳ, ಹೂಳು, ತೂಬಿನ ಬಳಿಯ ಎಳೆತ ತೀರ ಬೇರೆ ಅಪಾಯಗಳು. ಸರ್ಫಿಂಗ್‌ನ ಮೊದಲ ಮೆಟ್ಟಿಲು ಈಜು. ಇಷ್ಟು ದೊಡ್ಡ ಕೆರೆ ಪಕ್ಕದಲ್ಲಿರುವ ಸಖರಾಯಪಟ್ಟಣ ಹೋಬಳಿಯ ತಂದೆತಾಯಂದಿರು, ಶಾಲೆಗಳು ಗಂಡು ಹೆಣ್ಣೆನ್ನದೆ ಪ್ರತಿ ಮಗುವಿಗೂ ತಿಳಿದವರ ಕಣ್ಗಾವಲಿನಲ್ಲಿ ಈಜು ಕಲಿಸಲಿ.