ಹರಿಗೋಲಿನ ಪಾಠ

(ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನದ ವಿಷಯ ಹುಟ್ಟು ಹಾಕಿ ದೋಣಿ ನಡೆಸುವ ಸಾಹಸ. ಇದು ಹಣವಂತರ ಆಟ, ದಿನಗೂಲಿಯವನಿಗೂ ಕಛೇರಿಯ ಗುಮಾಸ್ತನಿಗೂ ಇದರಿಂದ ಆಗಬೇಕಾದುದೇನು ಎಂದು ಕೆಲವರಿಗೆ ತೋರಬಹುದು. ಆದರೆ ಹುಟ್ಟು ಹಿಡಿಯುವ ವಿದ್ಯೆ ನಮ್ಮ ನದಿಗಳದೇ ವಿದ್ಯೆ. ಅದನ್ನು ಆಟವಾಗಿ ಕೈಗೆತ್ತಿಕೊಂಡಾಗಲೂ ಅಂಬಿಗನ ಶಿಸ್ತನ್ನು ಬಿಡಬಾರದು. ನಾವು ಹೇಳಬೇಕೆಂದಿರುವುದು ಇಷ್ಟೆ.

ನಮ್ಮಲ್ಲಿ ಬಹುಮಂದಿ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆಯವರು. ಕೃಷ್ಣೆ, ಭೀಮೆ, ತುಂಗಭದ್ರೆಯರ ದಂಡೆಯಲ್ಲಿ ಬೆಳೆದವರಿಗೆ ಹರಿಗೋಲನ್ನು ವರ್ಣಿಸಬೇಕಾಗಿಲ್ಲ. ನಗರದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮಾತ್ರ ಹೇಳಲೇಬೇಕು. ಸೀಳಿದ ಬಿದಿರನ್ನು ದೊಡ್ಡ ಬುಟ್ಟಿಯಂತೆ ಹೆಣೆದು ಹೊರಮೈಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಇದನ್ನೇ ಇಲ್ಲಿಯ ತೆಲುಗರು ಪುಟ್ಟಿ ಎನ್ನುತ್ತಾರೆ. ಅದರ ತಳ ಚಪ್ಪಟೆ. ಆದುದರಿಂದ ಆಳವಿಲ್ಲದ ನೀರಿನಲ್ಲಿಯೂ ತೇಲುತ್ತದೆ. ಮರದ ದೋಣಿ ಒಡೆದುಹೋಗುವಂಥ ಬಂಡೆಗೆ ತಗುಲಿದರೂ ಬಾಗಿ ಜಾರಿಕೊಳ್ಳುತ್ತದೆ. ಆದರೆ ಅದಕ್ಕೆ ಹಿಂದುಮುಂದಿಲ್ಲ. ಹುಟ್ಟನ್ನು ಒಂದೇ ಪಕ್ಕಕ್ಕೆ ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ಅಂಬಿಗನು ಹುಟ್ಟನ್ನು ತನ್ನ ಮುಂದೆ ಅದ್ದಿ, ಅತ್ತಿತ್ತ ಆಡಿಸುತ್ತ, ನೀರನ್ನು ತನ್ನತ್ತ ಸೆಳೆಯುತ್ತಾನೆ. ನೋಡುವುದಕ್ಕೆ ಸುಲಭ, ಮಾಡಿದವರಿಗೆ ಗೊತ್ತು ಅದರ ಕಷ್ಟ.

ಇದು ಎಷ್ಟು ಹಳೆಯದು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ 15–20 ಜನ ಕೂರುತ್ತಿದ್ದರಂತೆ. ಬೇಕಾದಾಗ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಅದಕ್ಕೂ ನಾಲ್ಕು ಶತಮಾನ ಹಿಂದೆ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತ ಮಾಡಿಕೊಂಡ. ಈ ಬಗೆಯ ದೋಣಿ ನಮ್ಮಲ್ಲಿ ಮಾತ್ರವೇ ಇದೆಯೆಂದಲ್ಲ. ಇರಾಕಿನ ಟೈಗ್ರಿಸ್ ನದಿಯಲ್ಲಿಯೂ ಬ್ರಿಟನ್ನಿನ ವೇಲ್ಸ್ ಪ್ರಾಂತದ ಹೊಳೆಗಳಲ್ಲಿಯೂ ಇಂತಹವು ಬಳಕೆಯಲ್ಲಿದ್ದವು.

ಈಗ ಆಟದ ದೋಣಿಗಳೆಂದು ಹೆಸರಾದ ಕಯಾಕ್, ಕೆನೂಗಳ ಕಥೆಯೂ ಇದೇ ಬಗೆಯದು. ಕಯಾಕ್ ಉತ್ತರ ಧ್ರುವದ ಹಿಮಪ್ರದೇಶದ ಇನುಯಿಟ್ ಜನರು ಸೀಲ್ ಬೇಟೆಗಾಗಿ ತೊಗಲು ಹೊದಿಸಿ ಮಾಡಿಕೊಂಡ ದೋಣಿ. ಅದರ ಹುಟ್ಟಿಗೆ ಎರಡು ತುದಿಗಳಲ್ಲಿಯೂ ಹಲಗೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮರದ ತೊಗಟೆಯಿಂದ ಕೆನೂ ಮಾಡಿದರು. ಅದರ ಹುಟ್ಟಿಗೆ ಒಂದೇ ಕಡೆ ಹಲಗೆ. 1936ರ ಬರ್ಲಿನ್ ಒಲಿಂಪಿಕ್ಸಿನಿಂದ ಇವೆರಡೂ ಪಂದ್ಯಗಳಾದವು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್‌ಬೋರ್ಡಂತೂ ತೀರ ಈಚಿನದು. ನಮ್ಮ ನಾಡಿನಲ್ಲಿ ದಾಂಡೇಲಿಯ ಕಾಳಿ ನದಿ, ಸಾಗರದ ಬಳಿ ಶರಾವತಿಯ ಹಿನ್ನೀರಿನ ಹೊನ್ನೆಮರಡು, ಕರಾವಳಿಯ ಮೂಲ್ಕಿ ಈ ಆಟಗಳಿಗೆ ಹೆಸರಾಗಿವೆ. ಎಲ್ಲೆಲ್ಲಿಯೂ ಮೊದಲು ಹೊಟ್ಟೆಯಪಾಡು, ಆಟ ಬಂದದ್ದು ಆಮೇಲೆ. ರಾಯಚೂರು ಜಿಲ್ಲೆಯ ಕೃಷ್ಣೆಯ ನಡುಗಡ್ಡೆಗಳ ಜನರಿಗೆ ಹರಿಗೋಲು ಆಟವಾಗಿರಲಿಲ್ಲ. ಸಂತೆಗೂ ಆಸ್ಪತ್ರೆಗೂ ಅದೇ ದಾರಿಯಾಗಿತ್ತು.

ಹೈದರಾಬಾದಿಗೆ ಬರೋಣ. ಇಲ್ಲಿಂದ ತಾಂಡೂರು, ಸೇಡಂ ಕಡೆಗೆ ಊರಿಗೆ ಹೋಗುವವರು ವಿಕಾರಾಬಾದನ್ನು ದಾಟಿಯೇ ಹೋಗುತ್ತಾರಷ್ಟೆ. ಅದರ ಸಮೀಪದ ಕೋಟಪಲ್ಲಿ ಜಲಾಶಯವು ಈಚಿನ ವರ್ಷಗಳಲ್ಲಿ ಕಯಾಕ್ ಆಟಕ್ಕೆ ಹೆಸರಾಯಿತು. ರಜೆಯ ದಿನ ನಮ್ಮ ತರುಣರೂ ಅಲ್ಲಿಗೆ ಹೋಗುತ್ತಾರೆ. ಆ ಕಡೆಯ ಹಳ್ಳಗಳ ನೀರು ಕಾಗಿಣೆಯನ್ನು ಸೇರಿ, ರಾಷ್ಟ್ರಕೂಟರ ಮಳಖೇಡದ ಕೋಟೆಯ ಬದಿಯಲ್ಲಿ ಹರಿದು ಭೀಮೆಗೆ ಹೋಗುತ್ತದೆ. ಅಂದರೆ ಅಲ್ಲಿ ಹುಟ್ಟು ಹಾಕುವಾಗಲೂ ನಾವಿರುವುದು ನಮ್ಮೂರ ಹೊಳೆಯ ನೀರಿನಲ್ಲಿಯೇ.

ಹೋಗಿರಿ, ಸಂತೋಷಪಡಿರಿ. ಆದರೆ ಹುಸೇನ್‌ಸಾಗರದ ಒಂದು ಸಂಗತಿಯನ್ನು ಮರೆಯಬೇಡಿರಿ. 1990ರ ಮಾರ್ಚ್ 10ರಂದು ಬುದ್ಧನ ಮಹಾವಿಗ್ರಹವನ್ನು ಸಾಗಿಸುತ್ತಿದ್ದ ತೆಪ್ಪ ಸಮತೋಲ ತಪ್ಪಿತು. ವಿಗ್ರಹ ಕೆರೆಯ ತಳ ಸೇರಿತು, ಕೆಲಸದಲ್ಲಿದ್ದ ಹಲವರು ಪ್ರಾಣ ಕಳೆದುಕೊಂಡರು. ವಿಗ್ರಹವನ್ನು 1992ರಲ್ಲಿ ಮೇಲೆತ್ತಿ ನಿಲ್ಲಿಸಿದರು. ಹೋದ ಜೀವಗಳನ್ನು ಯಾರು ಮೇಲೆತ್ತುವರು? ನಿಂತ ನೀರೆಂದು, ಊರ ನಡುವಿನ ಕೆರೆಯೆಂದು ಸಸಾರ ಮಾಡುವಂತಿಲ್ಲ.

ಇನ್ನು ಅಂಬಿಗನ ಶಿಸ್ತೆಂದರೇನು? ಆತನು ಜನರನ್ನು ಅಂಚಿನ ಸುತ್ತ ಸಮನಾಗಿ ಕೂರಿಸುತ್ತಾನೆ. ನಡುವೆ ಯಾರನ್ನೂ ಎದ್ದು ನಿಲ್ಲಗೊಡುವುದಿಲ್ಲ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನ, ಕೂಲಿ ಹೋದರೂ ಸರಿಯೆಂದು ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕುತ್ತಾನೆ. ನಮಗೂ ಇದೇ ಪಾಠ. ಈಜು ಬಲ್ಲವರೂ ಜೀವರಕ್ಷಕ ಜಾಕೀಟನ್ನು ತೊಟ್ಟು ಪಟ್ಟಿಗಳನ್ನೆಲ್ಲ ಬಿಗಿಯಬೇಕು. ಕುಡಿದು ನೀರಿಗಿಳಿಯಬಾರದು. ಹೋಗುವಾಗ ಗಾಳಿಗೆ ಎದುರಾಗಿ ಹೋದರೆ, ದಣಿದು ಮರಳುವಾಗ ಗಾಳಿಯೇ ದಡಕ್ಕೆ ತರುತ್ತದೆ. ದೋಣಿ ಮಗುಚಿದರೆ ಅದನ್ನೇ ಹಿಡಿದುಕೊಂಡಿರಬೇಕು. ದಡ ಹತ್ತಿರವೆಂದು ಬಿಟ್ಟು ಈಜಲು ಹೊರಟವರೇ ಮುಳುಗುವುದುಂಟು. ಗೆಳೆಯನು ಮುಳುಗುತ್ತಿದ್ದರೆ ಹಾರಬೇಡಿರಿ. ಕೂಗಿ ಜನ ಸೇರಿಸಿ; ಹಗ್ಗವನ್ನೋ ಪಂಚೆಯನ್ನೋ ಬಾಯಿ ಮುಚ್ಚಿದ ಖಾಲಿ ಕ್ಯಾನನ್ನೋ ಎಸೆಯಿರಿ. ಊರಲ್ಲಿ ಹಣದ ದಾರಿ ನೋಡುತ್ತಿರುವ ತಾಯಿಗೆ ನಮ್ಮ ಕೋಣೆಯ ಗೆಳೆಯರು ಕೆಟ್ಟ ಸುದ್ದಿ ಬರೆಯುವಂತಾಗಬಾರದು.

ಕಡೆಯದಾಗಿ ಒಂದು ಮಾತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಸೇತುವೆಗಳಾದಂತೆ ಆ ಗಾದೆ ನಿಜವಾಗುತ್ತಿದೆ. ಸೇತುವೆ ಬೇಕು, ಅದನ್ನು ಬೇಡವೆನ್ನಲು ನಾವು ಯಾರು? ಆದರೆ ಜಲಕ್ರೀಡೆಯ ತಾಣಗಳಲ್ಲಿ ಅಂಬಿಗರ ಮಕ್ಕಳಿಗೆ ತರಬೇತಿಯೂ ಕೆಲಸವೂ ದೊರೆತರೆ, ಆ ವಿದ್ಯೆ ಹೊಸ ದೋಣಿಯಲ್ಲಿ ಉಳಿದೀತು. ಮುಂದಿನ ಸಲ ಹಂಪೆಗೋ ಕುರುವಪುರಕ್ಕೋ ಹೋದಾಗ ಹರಿಗೋಲಿನವನ ಕೂಲಿಗೆ ಚೌಕಾಶಿ ಮಾಡಬೇಡಿರಿ. ಮಕ್ಕಳನ್ನು ಆತನ ಪಕ್ಕದಲ್ಲಿ ಕೂರಿಸಿ, ಹುಟ್ಟು ಹಾಕುವ ಬಗೆಯನ್ನು ಕೇಳಿ ತಿಳಿಯಿರಿ.