ಪರದೆಯ ಆಚೆಗಿನ ವೈದ್ಯರು ಮತ್ತು ನಮ್ಮ ಹೊಣೆ
(ಜಮಾಅತ್ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಒಂದು ಜೀವವನ್ನು ಉಳಿಸುವುದು ಇಡೀ ಮಾನವಕುಲವನ್ನು ಉಳಿಸಿದಂತೆ ಎಂದು ನಂಬಿರುವ ಸಮುದಾಯ ನಮ್ಮದು. ಆ ನಂಬಿಕೆಯ ನಿಜವಾದ ಪರೀಕ್ಷೆ ನಡೆಯುವುದು ತಾಲೂಕು ಆಸ್ಪತ್ರೆಯ ತುರ್ತುಚಿಕಿತ್ಸಾ ಕೊಠಡಿಯಲ್ಲಿ.

ಮಧ್ಯರಾತ್ರಿ ಅಪಘಾತದ ಗಾಯಾಳುವೊಬ್ಬನನ್ನು ಅಲ್ಲಿಗೆ ತಂದರೆ ಕರ್ತವ್ಯದಲ್ಲಿರುವವರು ಒಬ್ಬರೇ ವೈದ್ಯರು. ಕೇಂದ್ರ ಸರಕಾರದ 2021-22ರ ಅಂಕಿಅಂಶಗಳ ಪ್ರಕಾರ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞವೈದ್ಯರಲ್ಲಿ ಸುಮಾರು ಶೇ. 80ರಷ್ಟು ಮಂದಿಯ ಕೊರತೆಯಿತ್ತು. ಆ ಒಂಟಿ ವೈದ್ಯರಿಗೆ ವಿಡಿಯೋ ಸಂಪರ್ಕವು ಇನ್ನೊಂದು ಜೊತೆ ಕಣ್ಣುಗಳನ್ನು ಒದಗಿಸುತ್ತದೆ. ದೂರವಾಣಿಯಲ್ಲಾದರೆ ಎಲ್ಲವನ್ನೂ ಬಾಯಲ್ಲಿ ವಿವರಿಸಬೇಕು. ವಿಡಿಯೋದಲ್ಲಿ ದೂರದ ತಜ್ಞರು ರೋಗಿಯ ಉಸಿರಾಟವನ್ನೂ ಯಂತ್ರದ ಮೇಲಿನ ಅಂಕಿಗಳನ್ನೂ ಸ್ವತಃ ನೋಡುತ್ತಾರೆ. ಸ್ಥಳೀಯ ವೈದ್ಯರ ಕೈಗಳು ಚಿಕಿತ್ಸೆಯಲ್ಲಿ ತೊಡಗಿರುವಾಗ ಮುಂದಿನ ಹೆಜ್ಜೆಯನ್ನು ಸೂಚಿಸುತ್ತಾರೆ. ರೋಗಿಯನ್ನು ಅಲ್ಲಿಯೇ ಇರಿಸಿಕೊಳ್ಳಬೇಕೇ, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೇ ಎಂಬ ನಿರ್ಧಾರದಲ್ಲಿ ಜೊತೆಗೂಡುತ್ತಾರೆ.

ಇದು ನಮ್ಮ ನಾಡಿಗೆ ಹೊಸದಲ್ಲ. 2002ರಲ್ಲಿಯೇ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಿತ್ತು. 2023ರಲ್ಲಿ ರಾಜ್ಯ ಸರಕಾರವು ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಎದೆನೋವಿನ ರೋಗಿಯ ಇಸಿಜಿಯನ್ನು ದೂರದ ಹೃದಯತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಸ್ಥಳದಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2020ರಿಂದ ಹಳ್ಳಿಯ ವೈದ್ಯರು ಹಗಲಿರುಳೆನ್ನದೆ ಅನುಭವಿ ತುರ್ತುಚಿಕಿತ್ಸಾ ವೈದ್ಯರನ್ನು ವಿಡಿಯೋದಲ್ಲಿ ಕರೆಯಬಹುದಾಗಿದೆ.

ಆದರೆ ಪರದೆಯು ಹುದ್ದೆಯನ್ನು ಭರ್ತಿ ಮಾಡುವುದಿಲ್ಲ. ರಕ್ತಸ್ರಾವವನ್ನು ತಡೆಯಲು ಕೈಗಳೇ ಬೇಕು; ವಿದ್ಯುತ್ತು, ರಕ್ತನಿಧಿ, ಆ್ಯಂಬುಲೆನ್ಸ್ ಬೇಕು. ವಿಡಿಯೋ ವ್ಯವಸ್ಥೆಯನ್ನು ಮುಂದಿಟ್ಟು ತಜ್ಞರ ನೇಮಕಾತಿಯನ್ನು ಮುಂದೂಡುವ ಸರಕಾರವನ್ನು, ಅದು ಯಾವ ಪಕ್ಷದ್ದೇ ಆಗಿರಲಿ, ನಾವು ಪ್ರಶ್ನಿಸಲೇಬೇಕು.

ಇನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೆ. ಎದೆನೋವು ಬಂದಾಗ ಹತ್ತಿರದ ಸರಕಾರಿ ಆಸ್ಪತ್ರೆಯನ್ನು ಕಡೆಗಣಿಸಿ ದೂರದ ನಗರಕ್ಕೆ ಕಾರು ಓಡಿಸುವುದೇಕೆ? ಹೃದಯದ ಸ್ನಾಯುವು ಸಾಯುತ್ತಿರುವಾಗ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಮನೆಯ ಹೆಣ್ಣುಮಗಳು ಹೆರಿಗೆಯ ಸಂಕಷ್ಟದಲ್ಲಿರುವಾಗ, ಕ್ಯಾಮರಾದ ಆಚೆ ಪುರುಷ ವೈದ್ಯರಿದ್ದಾರೆಂದು ಹಿಂಜರಿಯುವವರೂ ನಮ್ಮಲ್ಲಿದ್ದಾರೆ. ಪ್ರಾಣಾಪಾಯದ ಅನಿವಾರ್ಯತೆಯಲ್ಲಿ ನಿಷಿದ್ಧವೂ ಅಗತ್ಯವಿರುವಷ್ಟು ಅನುಮತಿಸಲ್ಪಡುತ್ತದೆಂಬುದು ಫಿಕ್‌ಹ್‌ನ ಸರ್ವಮಾನ್ಯ ನಿಯಮ. ಮಹಿಳಾ ವೈದ್ಯರನ್ನು ಕೇಳುವುದು, ರೋಗಿಯ ಖಾಸಗಿತನವನ್ನು ಕಾಪಾಡಬೇಕೆನ್ನುವುದು ನ್ಯಾಯವೇ ಆಗಿದೆ. ಆದರೆ ನಮ್ಮ ಸಂಕೋಚಕ್ಕೆ ಆಕೆಯ ಜೀವ ಬೆಲೆಯಾಗಬಾರದು. ಆ ನಿಯಮವನ್ನು ಹೆರಿಗೆಯ ರಾತ್ರಿಗೆ ಮೊದಲೇ ಮನೆಮನೆಗೆ ತಲುಪಿಸುವುದು ಉಲಮಾಗಳ ಹೊಣೆ.

ಪ್ರತಿ ಮೊಹಲ್ಲಾದ ಯುವಕರು ಈ ವಾರವೇ ತಮ್ಮ ತಾಲೂಕು ಆಸ್ಪತ್ರೆಗೆ ಹೋಗಿ, ಯಾವ ತುರ್ತು ಸೌಲಭ್ಯಗಳಿವೆ, ಯಾವುವಿಲ್ಲ ಎಂದು ತಿಳಿದುಬರಲಿ. ಇರುವುದನ್ನು ಜುಮಾ ನಮಾಝ್‌ನ ಬಳಿಕ ಜನರಿಗೆ ತಿಳಿಸೋಣ. ಇಲ್ಲದ್ದನ್ನು ಎಲ್ಲ ಸಮುದಾಯಗಳ ನೆರೆಹೊರೆಯವರೊಂದಿಗೆ ಸೇರಿ ಶಾಸಕರ ಮುಂದಿಡೋಣ. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಪ್ರಯತ್ನವನ್ನು ಪೂರ್ತಿಗೊಳಿಸಿ ಫಲಿತಾಂಶವನ್ನು ಅಲ್ಲಾಹನಿಗೆ ಒಪ್ಪಿಸುವುದು. ಅವನು ನಮಗೆ ಅದರ ಸಾಮರ್ಥ್ಯವನ್ನು ಕರುಣಿಸಲಿ. ಆಮೀನ್.